ನಿಮಗಿದು ಗೊತ್ತೆ?: ಹೃದಯಕ್ಕಿರುವುದು ಕೆಲವೇ ತಾಸು

• ದಾನಿಯ ದೇಹದಿಂದ ತೆಗೆದ ಹೃದಯವನ್ನು ಸಾಮಾನ್ಯವಾಗಿ 4ರಿಂದ 6 ತಾಸಿನೊಳಗೆ ಕಸಿ ಮಾಡಬೇಕು. ಹಾಗಾಗಿಯೇ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಹೃದಯ ಬಂದಿಳಿದರೆ, ಪೊಲೀಸರು ಆಸ್ಪತ್ರೆಯವರೆಗೂ ತಡೆಯಿಲ್ಲದ ಹಾದಿ (ಗ್ರೀನ್ ಕಾರಿಡಾರ್) ಮಾಡಿಕೊಡುತ್ತಾರೆ.

• 2025ರ ಜನವರಿಯಲ್ಲಿ ಹೈದರಾಬಾದ್ ಮೆಟ್ರೊ ರೈಲು ಎಲ್.ಬಿ. ನಗರದಿಂದ ಲಕಡಿಕಾಪುಲ್‌ಗೆ 13 ಕಿ.ಮೀ. ದೂರವನ್ನು 13 ನಿಮಿಷಗಳಲ್ಲಿ ಕ್ರಮಿಸಿ ಹೃದಯ ತಲುಪಿಸಿತು.

• ಮೂತ್ರಪಿಂಡವನ್ನು ಬದುಕಿರುವವರೂ ಕೊಡಬಲ್ಲರು. ನಮ್ಮಲ್ಲಿ ಹೃದಯ ಸಿಗುವುದು ಮಿದುಳು ನಿಷ್ಕ್ರಿಯಗೊಂಡವರಿಂದ, ಅದೂ ಕುಟುಂಬ ಒಪ್ಪಿದರೆ ಮಾತ್ರ. ಹೃದಯಗಳ ಕೊರತೆಗೆ ಇದೇ ಮುಖ್ಯ ಕಾರಣ.

• ಒಬ್ಬ ದಾನಿ ಎಂಟು ಜೀವಗಳನ್ನು ಉಳಿಸಬಲ್ಲರು. 2021ರಲ್ಲಿ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿ ಮಾದರಿಯಾದರು.

• ಕರ್ನಾಟಕದ ‘ಜೀವಸಾರ್ಥಕತೆ’ ಅಥವಾ ತೆಲಂಗಾಣದ ‘ಜೀವನ್‌ದಾನ್’ನಲ್ಲಿ ಅಂಗಾಂಗ ದಾನಕ್ಕೆ ಹೆಸರು ನೋಂದಾಯಿಸಿ. ನಿಮ್ಮ ಇಚ್ಛೆಯನ್ನು ಮನೆಯವರಿಗೆ ಇಂದೇ ತಿಳಿಸಿ.