ಕೆಲಸ ಸಿಗೋ ತನಕ ಏನ್ ಮಾಡೋದು? ಬಯೋಡೇಟಾಕ್ಕೆ ಸ್ವಯಂಸೇವೆ ಹೇಗೆ ಆಸರೆ ಆಗುತ್ತೆ

ಚಿಕ್ಕಜಾಜೂರು: ಡಿಗ್ರಿ ಮುಗಿದು ಎರಡು ವರ್ಷ ಆಗಿದೆ. ಬೆಳಗ್ಗೆ ಜಂಕ್ಷನ್‌ನಲ್ಲಿ ರೈಲು ಹತ್ತಿ ದಾವಣಗೆರೆಗೆ ಸಂದರ್ಶನಕ್ಕೆ ಹೋದ್ರೆ ಮೊದಲ ಪ್ರಶ್ನೆಯೇ, ‘ಇಷ್ಟು ದಿನ ಏನ್ ಮಾಡ್ತಿದ್ರಿ?’ ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೂ ಈ ಪ್ರಶ್ನೆ ಬಿದ್ದಿತ್ತು. ಉತ್ತರ ಇರಲಿಲ್ಲ, ವಾಪಸ್ ಬಂದೆ.

ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಸಿಗುತ್ತೆ. ಅರ್ಜಿ ಶುಲ್ಕ, ಓಡಾಟದ ಖರ್ಚಿಗೆ ಅದು ಆಗುತ್ತೆ. ಆದರೆ ಬಯೋಡೇಟಾದಲ್ಲಿ ಖಾಲಿ ಇರೋ ಜಾಗ ದುಡ್ಡಿನಿಂದ ತುಂಬಲ್ಲ. ಅಲ್ಲಿಗೆ ಮಾಡಿದ ಕೆಲಸವೇ ಬೇಕು.

ಎಲ್ಲಿ ಮಾಡಬಹುದು?

* ಕೇಂದ್ರ ಸರ್ಕಾರದ ‘ಮೈ ಭಾರತ್’ ಪೋರ್ಟಲ್ 2023ರ ಅಕ್ಟೋಬರ್ 31ರಂದು ಶುರುವಾಯ್ತು. 15ರಿಂದ 29 ವರ್ಷದವರು ಹೆಸರು ನೋಂದಾಯಿಸಿ ಸ್ವಯಂಸೇವೆಯ ಅವಕಾಶ ಹುಡುಕಬಹುದು.
* ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರವರೆಗಿನದು. 15 ವರ್ಷ ಮೇಲ್ಪಟ್ಟ ಅನಕ್ಷರಸ್ಥರಿಗೆ ಓದು ಬರಹ ಕಲಿಸೋರು ಸ್ವಯಂಸೇವಕರೇ.
* ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದ್ರೆ ಅರಿವು ಕೇಂದ್ರ. ಸಂಜೆ ಮಕ್ಕಳಿಗೆ ಓದಿಸ್ತೀನಿ, ಕಂಪ್ಯೂಟರ್ ಹೇಳಿಕೊಡ್ತೀನಿ ಅಂತ ಮೇಲ್ವಿಚಾರಕರನ್ನು ಕೇಳಿ ನೋಡಿ.

ಕಾಲೇಜಿನಲ್ಲಿ ಎನ್‌ಎಸ್‌ಎಸ್ ಮಾಡಿದವರು ಅದನ್ನ ಬರೆಯೋಕೇ ಮರೀತಾರೆ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಅದು ಸಣ್ಣದಲ್ಲ.

ಹೇಗೆ ಬರೆಯಬೇಕು?

‘ಸಮಾಜಸೇವೆಯಲ್ಲಿ ಆಸಕ್ತಿ’ ಅಂತ ಬರೆದ್ರೆ ಯಾರೂ ಓದಲ್ಲ. ‘ಆರು ತಿಂಗಳು, ವಾರಕ್ಕೆ ಮೂರು ಸಂಜೆ, 12 ಮಕ್ಕಳಿಗೆ ಗಣಿತ ಹೇಳಿಕೊಟ್ಟೆ’ ಅಂತ ಬರೀರಿ. ಎಲ್ಲಿ, ಎಷ್ಟು ದಿನ, ಏನು ಕೆಲಸ, ಇವಿಷ್ಟು ಇರಲಿ. ಮೊದಲ ದಿನದಿಂದ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಿ. ಮುಗಿದ ಮೇಲೆ ಸಹಿ, ಸೀಲು, ಫೋನ್ ನಂಬರ್ ಇರೋ ಪತ್ರ ಕೇಳಿ ಪಡೀರಿ. ಮಾಡದೇ ಇರೋದನ್ನ ಸೇರಿಸಬೇಡಿ. ಒಂದು ಫೋನ್ ಮಾಡಿದ್ರೆ ಗೊತ್ತಾಗಿಬಿಡುತ್ತೆ.

ಎಲ್ಲಿ ಎಚ್ಚರ ಬೇಕು?

ಒಂದು ಕಡೆ ನಾನು ಮೂರು ತಿಂಗಳು ಪುಕ್ಕಟೆ ಕಂಪ್ಯೂಟರ್ ಎಂಟ್ರಿ ಮಾಡಿದೆ. ಪತ್ರ ಕೇಳಿದಾಗ ‘ನಾಳೆ ಬಾ’ ಅಂದ್ರು. ಆ ನಾಳೆ ಬರಲೇ ಇಲ್ಲ. ಅದಕ್ಕೇ ಪತ್ರದ ಮಾತು ಮೊದಲ ದಿನವೇ ಆಗಬೇಕು. ಲಾಭಕ್ಕೆ ನಡೆಯೋ ಜಾಗದಲ್ಲಿ ದಿನವಿಡೀ ದುಡಿಸಿಕೊಂಡ್ರೆ ಅದು ಸೇವೆ ಅಲ್ಲ, ಕೂಲಿ ಕೊಡದ ಕೆಲಸ. ಸರ್ಟಿಫಿಕೇಟ್‌ಗೆ ದುಡ್ಡು ಕೇಳಿದ್ರೂ ಅಲ್ಲಿಂದ ಎದ್ದು ಬನ್ನಿ. ವಾರಕ್ಕೆ ಎಂಟತ್ತು ಗಂಟೆ ಸಾಕು. ಉಳಿದ ಹೊತ್ತು ಓದೋಕೆ, ಅರ್ಜಿ ಹಾಕೋಕೆ ಇರಲಿ.

ಅಂಗಡಿಯವರಿಗೆ ಒಂದು ಮಾತು

ಲೆಕ್ಕ ಬರೆಯೋಕೆ, ಕೌಂಟರ್ ನೋಡಿಕೊಳ್ಳೋಕೆ ಹುಡುಗರು ಬಂದಾಗ ‘ಅನುಭವ ಇದೆಯಾ?’ ಅಂತ ಕೇಳ್ತೀರಿ. ಆರು ತಿಂಗಳು ತಪ್ಪದೆ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿದವರು ನಿಮ್ಮ ಅಂಗಡಿಗೂ ಹೊತ್ತಿಗೆ ಸರಿಯಾಗಿ ಬರ್ತಾರೆ. ಪತ್ರದಲ್ಲಿರೋ ನಂಬರ್‌ಗೆ ಒಮ್ಮೆ ಫೋನ್ ಮಾಡಿ ಕೇಳಿ. ಸಂಬಳ ಮಾತ್ರ ಮೊದಲ ತಿಂಗಳಿಂದಲೇ ಕೊಡಿ.