ಪಿಕಪ್ ಗಾಡಿಯ ಹಿಂದಿನ ಅಚ್ಚು ಮತ್ತು ಎಣ್ಣೆಯ ಮಟ್ಟ

ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಶುಂಠಿ, ಹೊಗೆಸೊಪ್ಪು, ಹತ್ತಿ, ಬಾಳೆಗೊನೆಗಳನ್ನು ಹೇರಿಕೊಂಡ ಪಿಕಪ್ ಗಾಡಿಗಳು ಒಂದರ ಹಿಂದೊಂದು ಹಾದುಹೋಗುವುದು ಕಾಣುತ್ತದೆ. ಹಿಂದೆ ಎತ್ತಿನ ಗಾಡಿಗಳು ಮಾಡುತ್ತಿದ್ದ ಕೆಲಸವನ್ನು ಈಗ ಇವು ಮಾಡುತ್ತಿವೆ. ಅಚ್ಚಿಗೆ ಕೀಲೆಣ್ಣೆ ಹಾಕದೆ ರೈತನು ಸಂತೆಗೆ ಗಾಡಿ ಹೂಡುತ್ತಿರಲಿಲ್ಲ. ಮರೆತು ಹೂಡಿದರೆ ಗಾಡಿಯೇ ಕಿರುಗುಟ್ಟಿ ಊರಿಗೆಲ್ಲ ಸಾರುತ್ತಿತ್ತು. ಪಿಕಪ್ಪಿನ ಅಚ್ಚಿಗಾದರೋ ಹಾಗೆ ಮೊದಲೇ ಕೂಗಿ ಹೇಳುವ ಬಾಯಿಲ್ಲ. ಅದು ಗೋಳಿಡಲು ತೊಡಗುವ ಹೊತ್ತಿಗೆ ಒಳಗಿನ ಹಲ್ಲುಗಳು ಬಹುಮಟ್ಟಿಗೆ ಸವೆದಿರುತ್ತವೆ.

ಗಾಡಿಯ ಹಿಂದೆ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಗುಂಡಗೆ ಉಬ್ಬಿದ ಲೋಹದ ಹೊಟ್ಟೆಯೊಂದು ಕಾಣುವುದಷ್ಟೆ. ಮೆಕ್ಯಾನಿಕರು ಇದನ್ನು ಹೌಸಿಂಗ್ ಎನ್ನುತ್ತಾರೆ. ಎಂಜಿನ್ನಿನ ಕಡೆಯಿಂದ ಬಂದ ಉದ್ದನೆಯ ದಂಡವು ಇದರೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವನ್ನೂ, ಪಿನಿಯನ್ನು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನೂ ತಿರುಗಿಸುತ್ತವೆ. ಕ್ರೌನಿಗೆ ಹೊಂದಿಕೊಂಡು ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಹೊರಬದಿಯ ಚಕ್ರವು ಒಳಬದಿಯದಕ್ಕಿಂತ ಹೆಚ್ಚು ದೂರ ಓಡಬೇಕಾಗುವುದರಿಂದ ಎರಡಕ್ಕೂ ಬೇರೆ ಬೇರೆ ವೇಗವನ್ನು ಹಂಚುವುದು ಇದರ ಕೆಲಸ. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತನು ೧೮೨೮ರ ಹೊತ್ತಿಗೇ ಉಗಿಬಂಡಿಗಾಗಿ ಇದನ್ನು ಯೋಜಿಸಿದ್ದನು. ಆ ಕಥೆಯನ್ನು ಇನ್ನೊಮ್ಮೆ ಹೇಳಬಹುದು. ಈಗ ನಮಗೆ ಬೇಕಾದುದು ಹಲ್ಲುಗಳ ಮೇಲಿನ ಎಣ್ಣೆ.

ಎಂಜಿನ್ನಿನಲ್ಲಿ ಎಣ್ಣೆಯನ್ನು ಮೇಲೆತ್ತಲು ಪಂಪು ಇದೆ. ಇಂಥ ಅಚ್ಚಿನಲ್ಲಿ ಸಾಮಾನ್ಯವಾಗಿ ಅದಿಲ್ಲ. ಕ್ರೌನಿನ ಕೆಳಭಾಗ ಎಣ್ಣೆಯಲ್ಲಿ ಅದ್ದಿರುತ್ತದೆ. ಅದು ತಿರುಗುವಾಗ ತನಗೆ ಅಂಟಿಕೊಂಡ ಎಣ್ಣೆಯನ್ನು ಮೇಲಕ್ಕೆ ಒಯ್ದು ಪಿನಿಯನ್ನಿಗೂ ಬೇರಿಂಗುಗಳಿಗೂ ಎರಚುತ್ತದೆ. ಮಟ್ಟವು ತೀರ ಕೆಳಗಿಳಿದರೆ ಮೇಲಿನ ಬೇರಿಂಗುಗಳು ಉಪವಾಸ ಬೀಳುತ್ತವೆ.

ಎಣ್ಣೆಯ ತೆಳುಪದರವು ಅಷ್ಟು ಭಾರವನ್ನು ಹೊರಬಲ್ಲುದೆ ಎಂದು ಸಂದೇಹಪಡುವವರಿಗೆ ಒಂದು ಹಳೆಯ ಪ್ರಯೋಗ ಉತ್ತರ ಹೇಳುತ್ತದೆ. ೧೮೮೩ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಹೊಯ್ಯಲೆಂದು ಬೇರಿಂಗಿನ ನೆತ್ತಿಯಲ್ಲಿ ರಂಧ್ರ ಕೊರೆದರೆ, ಅಚ್ಚು ತಿರುಗುವಾಗ ಎಣ್ಣೆ ಒಳಗಿಳಿಯುವ ಬದಲು ಹೊರಗೆ ಉಕ್ಕಿತು. ಬೆಂಡಿನ ಬಿರಡೆ ಹಾಕಿದನು, ಅದನ್ನು ನೂಕಿತು. ಮರದ ಬಿರಡೆ ಜಡಿದನು, ಅದನ್ನೂ ನೂಕಿತು. ಒತ್ತಡಮಾಪಕವನ್ನು ಜೋಡಿಸಿದಾಗ ಹೊರೆಯ ಸರಾಸರಿ ಒತ್ತಡಕ್ಕಿಂತ ಬಹಳ ಹೆಚ್ಚಿನ ಒತ್ತಡ ಆ ಪದರದಲ್ಲಿರುವುದು ಕಂಡುಬಂದಿತು. ಲೋಹವು ಲೋಹದ ಮೇಲೆ ಕುಳಿತಿರಲಿಲ್ಲ, ಎಣ್ಣೆಯ ಮೇಲೆ ತೇಲುತ್ತಿತ್ತು. ಇದರ ಗಣಿತವನ್ನು ೧೮೮೬ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಬಿಡಿಸಿಕೊಟ್ಟನು. ಕ್ರೌನ್-ಪಿನಿಯನ್ ಹಲ್ಲುಗಳ ಪಾಡು ಇನ್ನೂ ಕಠಿನ. ಈಗಿನ ಬಹುಪಾಲು ಗಾಡಿಗಳಲ್ಲಿ ಪಿನಿಯನ್ನು ಕ್ರೌನಿನ ನಡುರೇಖೆಗಿಂತ ಕೆಳಗಿರುವುದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಆದುದರಿಂದಲೇ ಇಲ್ಲಿಗೆ ಗಂಧಕ, ರಂಜಕಗಳ ಸಂಯುಕ್ತಗಳನ್ನು ಸೇರಿಸಿದ ಗೇರ್ ಆಯಿಲ್ ಬೇಕು. ಎಂಜಿನ್ ಎಣ್ಣೆ ಒಗ್ಗದು.

ಹಾಗಾದರೆ ಎಷ್ಟು ಎಣ್ಣೆ ಇರಬೇಕು? ಹೌಸಿಂಗಿನ ಪಕ್ಕದಲ್ಲಿ, ಸಾಮಾನ್ಯವಾಗಿ ಹಿಂಬದಿಯಲ್ಲಿ, ತಿರುಪಿನ ಬಿರಡೆಯೊಂದಿದೆ. ಅದನ್ನು ತೆಗೆದಾಗ ಎಣ್ಣೆಯು ರಂಧ್ರದ ಕೆಳ ಅಂಚಿಗೆ ಸರಿಯಾಗಿರಬೇಕೆಂಬುದು ರೂಢಿಯ ನಿಯಮ. ಕೆಲವು ತಯಾರಕರು ಅಂಚಿನಿಂದ ಇಷ್ಟು ಮಿಲಿಮೀಟರು ಕೆಳಗೆ ಎಂದು ಗೊತ್ತುಮಾಡಿರುತ್ತಾರೆ. ಒಂದೇ ಹೆಸರಿನ ಗಾಡಿಯಲ್ಲಿಯೂ ಅಚ್ಚು ಬೇರೆಯಾದರೆ ಮಟ್ಟ ಬೇರೆಯಾಗಬಹುದು. ಆದುದರಿಂದ ಕೈಪಿಡಿಯೇ ಪ್ರಮಾಣ.

ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಹೀಗೆ ಕೇಳಿದ್ದುಂಟು: “ಬೆರಳನ್ನು ರಂಧ್ರದಲ್ಲಿ ತೂರಿಸಿ ಮಡಿಸಿದಾಗ ತುದಿಗೆ ಎಣ್ಣೆ ಹತ್ತಿದರೆ ಸಾಕಲ್ಲವೆ, ಸರ್?” ಬೆರಳು ಒಳ್ಳೆಯ ಸಾಧನವೇ. ಆದರೆ ಅದು ಅಳೆಯುವುದು ರಂಧ್ರದಿಂದ ಎಣ್ಣೆಗಿರುವ ಅಂತರವನ್ನು ಮಾತ್ರ. ಗಾರೆ ಕೆಲಸದವನ ರಸಮಟ್ಟವನ್ನು ನೆನೆಯಿರಿ. ಗಾಡಿ ಓರೆಯಾದರೆ ರಂಧ್ರವೂ ಅದರೊಡನೆ ಓರೆಯಾಗುತ್ತದೆ; ಎಣ್ಣೆಯ ಮೇಲ್ಮೈ ಮಾತ್ರ ಭೂಮಿಯ ಆಕರ್ಷಣೆಗೆ ಲಂಬವಾಗಿಯೇ ನಿಲ್ಲುತ್ತದೆ.

ಒಂದು ಲೆಕ್ಕ ಮಾಡೋಣ. ಗಾಡಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ೩ ಮೀಟರು ಇರಲಿ. ಶುಂಠಿ ತೊಳೆಯುವ ಕಟ್ಟೆಯ ಬಳಿ ಇಳಿಜಾರಿನಲ್ಲಿ ನಿಂತಿರುವ ಅದರ ಮುಂಚಕ್ರಗಳು ಹಿಂಚಕ್ರಗಳಿಗಿಂತ ೧೫ ಸೆಂಟಿಮೀಟರು ಎತ್ತರದಲ್ಲಿವೆ. ಇಳಿಜಾರು ಇಪ್ಪತ್ತಕ್ಕೆ ಒಂದು. ರಂಧ್ರವು ಅಚ್ಚಿನ ನಡುಗೆರೆಯಿಂದ ೧೫ ಸೆಂಟಿಮೀಟರು ಹಿಂದಿದ್ದರೆ ಅದು ಸುಮಾರು ೭.೫ ಮಿಲಿಮೀಟರು ತಗ್ಗುತ್ತದೆ. ಕಡಮೆ ಎಣ್ಣೆಯಿದ್ದರೂ ಬಿರಡೆ ತೆಗೆದೊಡನೆ ಹೊರಗೆ ತುಳುಕಿ, ತುಂಬಿದೆ ಎಂಬ ಭ್ರಾಂತಿ ಹುಟ್ಟುತ್ತದೆ. ಮೂತಿ ತಗ್ಗಾಗಿದ್ದರೆ ಇದಕ್ಕೆ ವಿರುದ್ಧ: ಸರಿಯಾಗಿದ್ದುದು ಕಡಮೆಯಾಗಿ ಕಂಡು, ಮಾಲಿಕನು ಮತ್ತಷ್ಟು ಸುರಿಯುತ್ತಾನೆ. ಒಂದೇ ಚಕ್ರವನ್ನು ಜಾಕಿನಿಂದ ಎತ್ತಿದರೂ ತಪ್ಪೇ. ಎಣ್ಣೆ ಅಚ್ಚಿನ ಕೊಳವೆಯಲ್ಲಿ ತಗ್ಗಿನ ಚಕ್ರದ ಕಡೆಗೆ ಹರಿಯುತ್ತದೆ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಸಿಯುವುದಂತೂ ಪ್ರಾಣಕ್ಕೇ ಅಪಾಯ. ಸಮತಟ್ಟಾದ ನೆಲದಲ್ಲಿ ನಾಲ್ಕು ಚಕ್ರಗಳ ಮೇಲೆಯೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು.

ಕಾವಿನ ಲೆಕ್ಕವೂ ಇದೆ. ಎಣ್ಣೆಯು ಒಂದು ಡಿಗ್ರಿ ಸೆಲ್ಸಿಯಸಿಗೆ ತನ್ನ ಗಾತ್ರದ ಹತ್ತು ಸಾವಿರದಲ್ಲಿ ಸುಮಾರು ಏಳು ಭಾಗ ಹಿಗ್ಗುತ್ತದೆ. ೨ ಲೀಟರು ಎಣ್ಣೆ ೨೫ ಡಿಗ್ರಿಯಿಂದ ೯೦ ಡಿಗ್ರಿಗೆ ಏರಿದರೆ ಸುಮಾರು ೯೦ ಮಿಲಿಲೀಟರು ಹೆಚ್ಚುತ್ತದೆ. ಜೊತೆಗೆ ಓಡಿ ಬಂದ ಗಾಡಿಯಲ್ಲಿ ಎಣ್ಣೆ ಹಲ್ಲುಗಳಿಗೂ ಗೋಡೆಗಳಿಗೂ ಮೆತ್ತಿಕೊಂಡಿರುತ್ತದೆ. ಕೈಪಿಡಿ ಬೇರೆ ಹೇಳದಿದ್ದರೆ, ಅದೆಲ್ಲ ತಣಿದು ಕೆಳಗಿಳಿಯುವವರೆಗೆ ಕಾಯುವುದು ಲೇಸು.

‘ಸ್ವಲ್ಪ ಹೆಚ್ಚಿದ್ದರೆ ಏನಾದೀತು’ ಎಂಬ ಮಾತು ನಮ್ಮಲ್ಲಿ ಬಹಳ ಕೇಳಿಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಕಡಮೆಯಷ್ಟೇ ಕೇಡು ಅದು. ಕ್ರೌನು ಹೆಚ್ಚು ಆಳಕ್ಕೆ ಅದ್ದಿ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿರುವ ಗಾಳಿ ಭಾರ ಹೊರಲಾರದು. ಉಕ್ಕಿದ ಎಣ್ಣೆ ಚಕ್ರದ ಬಳಿಯ ಸೀಲನ್ನು ದಾಟಿ ಬ್ರೇಕಿನ ಲೈನಿಂಗನ್ನು ನೆನೆಸಬಹುದು. ಒಂದು ಟನ್ನಿಗೂ ಮೀರಿ ಶುಂಠಿ ಹೊತ್ತು ಇಳಿಜಾರಿನಲ್ಲಿ ಬರುವಾಗ ಹಿಂದಿನ ಬ್ರೇಕು ಹಿಡಿಯದೆ ಜಾರುವುದೆಂದರೇನೆಂದು ಡ್ರೈವರುಗಳು ಬಲ್ಲರು.

ಹೌಸಿಂಗಿನ ನೆತ್ತಿಯಲ್ಲಿ ಬ್ರೀದರ್ ಎಂಬ ಸಣ್ಣ ಉಸಿರುದಾರಿ ಇದೆ. ಅದು ಕೆಸರಿನಿಂದ ಮುಚ್ಚಿಹೋಯಿತೆನ್ನಿ. ಒಳಗಿನ ಗಾಳಿ ೨೫ರಿಂದ ೯೦ ಡಿಗ್ರಿಗೆ ಕಾದರೆ ನಿರಪೇಕ್ಷ ಉಷ್ಣಮಾನದಲ್ಲಿ ಅದು ೨೯೮ರಿಂದ ೩೬೩. ಒತ್ತಡ ಐದನೆಯ ಒಂದು ಪಾಲಿಗಿಂತ ಹೆಚ್ಚು ಏರಿ ಎಣ್ಣೆಯನ್ನು ಸೀಲಿನ ಮೂಲಕ ಹೊರಗೆ ನೂಕುತ್ತದೆ. ಇನ್ನು ಮಳೆಗಾಲದಲ್ಲಿ ಕಾದ ಅಚ್ಚು ಹಳ್ಳದ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಸಂದು ಸಿಕ್ಕಲ್ಲಿ ನೀರನ್ನು ಹೀರಿಕೊಳ್ಳುತ್ತದೆ. ಮುಂದೊಮ್ಮೆ ಬಿರಡೆ ತೆಗೆದಾಗ ಮಟ್ಟ ಮೊದಲಿಗಿಂತ ಮೇಲಿರುತ್ತದೆ! ಆಗ ಬೆರಳಿಗೆ ಹತ್ತಿದ ಎಣ್ಣೆಯ ಬಣ್ಣ ನೋಡಬೇಕು. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಮಟ್ಟ ಎಷ್ಟೇ ಸರಿಯಿರಲಿ, ಎಲ್ಲವನ್ನೂ ಬಸಿದು, ನೀರು ಬಂದ ದಾರಿಯನ್ನು ಮುಚ್ಚಿ, ಹೊಸ ಎಣ್ಣೆ ತುಂಬಬೇಕು.

ಬಸಿಯುವ ಮುನ್ನ ಮೇಲಿನ ಬಿರಡೆಯನ್ನು ಬಿಚ್ಚಿ ನೋಡಿಯೇ ಕೆಳಗಿನದಕ್ಕೆ ಕೈ ಹಾಕಬೇಕು. ತುಕ್ಕು ಹಿಡಿದ ಮೇಲಿನ ಬಿರಡೆ ಅಲುಗದೆ ಹೋದರೆ, ಎಣ್ಣೆಯನ್ನೆಲ್ಲ ಚೆಲ್ಲಿಕೊಂಡ ಗಾಡಿ ಅಂಗಳ ಬಿಟ್ಟು ಕದಲುವಂತಿಲ್ಲ.