ಕಕ್ಷೆ ಸುತ್ತಿ ಬಂದ ಬೀಜ ಮೊಳೆಯುವುದೇ?

1984ರ ಏಪ್ರಿಲ್‌ನಲ್ಲಿ ಅಮೆರಿಕದ ‘ಚಾಲೆಂಜರ್’ ನೌಕೆ ಬಸ್ಸಿನಷ್ಟು ದೊಡ್ಡ ಉಪಗ್ರಹವೊಂದನ್ನು ಕಕ್ಷೆಯಲ್ಲಿ ಬಿಟ್ಟು ಬಂತು. ಅದರ ಡಬ್ಬಿಗಳಲ್ಲಿ ‘ರಟ್ಗರ್ಸ್’ ತಳಿಯ ಸುಮಾರು 1.25 ಕೋಟಿ ಟೊಮೆಟೊ ಬೀಜಗಳಿದ್ದವು. ವರ್ಷದೊಳಗೆ ವಾಪಸ್ ತರಬೇಕಿತ್ತು. ಆದರೆ ಅದು ಮುಂದಕ್ಕೆ ಹೋಯಿತು; ಅಷ್ಟರಲ್ಲಿ 1986ರ ಚಾಲೆಂಜರ್ ದುರಂತದಿಂದ ಹಾರಾಟಗಳೇ ನಿಂತುಹೋದವು. ಕೊನೆಗೆ ‘ಕೊಲಂಬಿಯಾ’ ನೌಕೆ ಅವನ್ನು ಹೊತ್ತು ತಂದಾಗ 1990ರ ಜನವರಿ.

ಆ ಬೀಜಗಳನ್ನು ನಾಸಾ ಶಾಲೆಗಳಿಗೆ ಹಂಚಿತು. ಮಕ್ಕಳ ಕೈಗೆ ಬಂದದ್ದು ಎರಡು ಬಗೆಯ ಬೀಜ: ಕಕ್ಷೆಗೆ ಹೋಗಿ ಬಂದದ್ದು, ಭೂಮಿಯಲ್ಲೇ ಉಳಿದದ್ದು. ಎರಡನ್ನೂ ಬಿತ್ತಿ ಹೋಲಿಸಿದರು. ಕಕ್ಷೆಯ ಬೀಜಗಳು ಮೊದಮೊದಲು ತುಸು ಬೇಗ ಮೊಳೆತವು. ಗಿಡಗಳು ಬೆಳೆಯುತ್ತ ಹೋದಂತೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಉಳಿಯಲಿಲ್ಲ.

ಸುಮಾರು ಆರು ವರ್ಷದ ವಿಕಿರಣವನ್ನು ಬೀಜ ತಾಳಿಕೊಂಡದ್ದು ಹೇಗೆ? ಒಣಬೀಜದಲ್ಲಿ ನೀರಿನಂಶ ತೀರ ಕಡಿಮೆ. ವಿಕಿರಣವು ನೀರನ್ನು ಒಡೆದು ಹುಟ್ಟಿಸುವ ಹಾನಿಕಾರಕ ಕಣಗಳೂ ಅಲ್ಲಿ ಕಡಿಮೆ. ಡಿಎನ್‌ಎಗೆ ಪೆಟ್ಟು ಬಿದ್ದಿದ್ದರೂ, ಬೀಜ ನೀರು ಹೀರಿ ಎಚ್ಚೆತ್ತ ಕೂಡಲೇ ದುರಸ್ತಿ ಶುರುವಾಗುತ್ತದೆ; ಕೋಶಗಳು ಒಡೆದು ಎರಡಾಗುವ ಹಂತ ಬರುವುದು ಆಮೇಲೆ.

ಹಾಗೆಂದು ಬೀಜಕ್ಕೆ ಏನೂ ಆಗುವುದಿಲ್ಲ ಎನ್ನುವಂತಿಲ್ಲ. 2015ರಲ್ಲಿ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಸಾಸಿವೆ ಕುಟುಂಬದ ‘ರಾಕೆಟ್’ ಸೊಪ್ಪಿನ 2 ಕೆ.ಜಿ. ಬೀಜವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿತು. ಆರು ತಿಂಗಳ ನಂತರ ಅವು ಸಾವಿರಾರು ಶಾಲೆಗಳನ್ನು ತಲುಪಿದವು. ಒಂದು ಪೊಟ್ಟಣ ಕೆಂಪು, ಇನ್ನೊಂದು ನೀಲಿ. ಯಾವುದು ಬಾಹ್ಯಾಕಾಶದ್ದೆಂದು ಮಕ್ಕಳಿಗೆ ತಿಳಿಸಿರಲಿಲ್ಲ. ಕೆಂಪು ಪೊಟ್ಟಣದ ಬೀಜಗಳು ಸ್ವಲ್ಪ ನಿಧಾನವಾಗಿ ಬೆಳೆದವು. ಅವೇ ನಿಲ್ದಾಣದಿಂದ ಬಂದವು. ಅವು ಮೊಳೆತರೂ ಕಸುವು ತುಸು ಕುಗ್ಗಿದೆ, ಬೇಗ ಮುಪ್ಪಾಗುವ ಸ್ವಭಾವ ಬಂದಿದೆ ಎಂಬುದನ್ನು ಮುಂದೆ ಪ್ರಯೋಗಾಲಯದ ಅಧ್ಯಯನವೂ ತೋರಿಸಿತು.

ಬಿತ್ತನೆ ಬೀಜ ಕೊಳ್ಳುವ ರೈತರಿಗೆ ಈ ಸೂಕ್ಷ್ಮ ಚೆನ್ನಾಗಿ ಗೊತ್ತು. ಮೊಳೆತ ಬೀಜವೆಲ್ಲ ಕಸುವಿನ ಬೀಜವಲ್ಲ. ಹಳೆಯ ದಾಸ್ತಾನೂ ಮೊಳೆಯಬಹುದು, ಆದರೆ ಸಸಿ ಸೊರಗುತ್ತದೆ.

ಬಾಹ್ಯಾಕಾಶದಲ್ಲೇ ಮೊಳಕೆ ಬರಿಸಿದರೆ ಏನಾಗುತ್ತದೆ ಎಂಬುದು ಇದರ ಮುಂದಿನ ಪ್ರಶ್ನೆ. 2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ನಿಲ್ದಾಣದಲ್ಲಿ ಹೆಸರುಕಾಳು ಮತ್ತು ಮೆಂತ್ಯ ಮೊಳೆಯಿಸಿ, ಮೊಳಕೆಗಳನ್ನು ಶೀತಲಪೆಟ್ಟಿಗೆಯಲ್ಲಿ ಇರಿಸಿದರು. ಆ ಪ್ರಯೋಗ ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ.

ಮಂಗಳನತ್ತ ಹೊರಡುವ ಯಾನಿಗಳು ತಿಂಗಳುಗಟ್ಟಲೆ ಪ್ರಯಾಣಿಸಬೇಕು. ಅಲ್ಲಿ ಬಿತ್ತುವ ಬೀಜ ಇನ್ನೂ ದೀರ್ಘಕಾಲ ಕಸುವು ಉಳಿಸಿಕೊಂಡಿರಬೇಕು. ಎಷ್ಟು ಬೀಜ ಒಯ್ಯಬೇಕೆಂಬ ಲೆಕ್ಕದಷ್ಟೇ ಗಂಭೀರವಾಗಿ, ಅದನ್ನು ವಿಕಿರಣದಿಂದ ಕಾಯುವ ಬಗೆಯನ್ನೂ ಈಗಲೇ ಯೋಚಿಸಬೇಕು.